ನೀಲಿ ಚೂರು ತಡೆ ಹಾರಿದ್ದು

ಬಿಳಿ ತಟ್ಟೆಯಲ್ಲಿ ನೀಲಿ ಚೂರುಗಳು ಸಿಕ್ಕಿದ್ದು ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ. ಒಂದಲ್ಲ, ಎರಡಲ್ಲ, ಏಳು. ಉಗುರಿನ ತುದಿಯಷ್ಟು ದೊಡ್ಡವು, ಊದಿದರೆ ಹಾರಿಹೋಗುವಷ್ಟು ಹಗುರ. ನಮ್ಮ ಕಾರ್ಖಾನೆಯಲ್ಲಿ ಅದೊಂದು ಭೂಕಂಪ. ರಕ್ತ ಪರೀಕ್ಷೆ ಮಾಡುವ ಪ್ರಯೋಗಾಲಯಗಳಿಗೆ ನಾವು ಎರಡು ಬಗೆಯ ಒಣ ಔಷಧ ಕಳಿಸುತ್ತಿದ್ದೆವು. ಒಂದು ಹಾಲಿನಂಥ ಬಿಳಿ, ಇನ್ನೊಂದು ಕಡು ನೀಲಿ. ಎರಡೂ ಒಂದೇ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಒಣಗುತ್ತಿದ್ದವು, ನಡುವೆ ಬೆರಳೆತ್ತರದ ಉಕ್ಕಿನ ತಡೆ. ಒಂದರ ಕಣ ಇನ್ನೊಂದಕ್ಕೆ ಬಿತ್ತೆಂದರೆ ಆ ದಿನದ ಮಾಲೆಲ್ಲ ಕಸ.

ಆ ಪೆಟ್ಟಿಗೆ ನೋಡಿಕೊಳ್ಳುತ್ತಿದ್ದವಳು ಕಿಟಕಿಯಕ್ಕ. ಹಾಗೆ ಹೆಸರಿಟ್ಟದ್ದು ಯಾರೋ ಗೊತ್ತಿಲ್ಲ. ನಾನು ಪ್ಯಾಕಿಂಗ್ ವಿಭಾಗಕ್ಕೆ ಸೇರುವ ಹೊತ್ತಿಗೇ ಆ ಹೆಸರು ಅವಳಿಗೆ ಅಂಟಿಕೊಂಡು ಹಳೆಯದಾಗಿತ್ತು. ಹತ್ತೊಂಬತ್ತನೇ ವಯಸ್ಸಿಗೆ ಬಾಟಲಿ ತೊಳೆಯುವ ಕೆಲಸಕ್ಕೆ ಬಂದವಳು, ನಲವತ್ತಾರಕ್ಕೆ ಒಣಗುಪೆಟ್ಟಿಗೆಯ ಒಡತಿ. ಬೀರುವಿನಷ್ಟು ದೊಡ್ಡದಾದ ಆ ಉಕ್ಕಿನ ಪೆಟ್ಟಿಗೆಗೆ ಊಟದ ತಟ್ಟೆಯಗಲದ ಒಂದು ಗುಂಡು ಗಾಜಿನ ಕಿಟಕಿ. ಬೇರೆಯವರು ಕುರ್ಚಿಯಲ್ಲಿ ಕೂತು ಮೀಟರಿನ ಮುಳ್ಳು ನೋಡಿದರೆ, ಇವಳು ಮೂಗು ಗಾಜಿಗೆ ತಾಗಿಸಿ ಒಳಗೆ ನೋಡುತ್ತಿದ್ದಳು. ಸಂಜೆ ಮನೆಗೆ ಹೋಗುವಾಗ ಮೂಗಿನ ತುದಿ ಕೆಂಪಗಿರುತ್ತಿತ್ತು.

ಆ ಪೆಟ್ಟಿಗೆಯ ಕೆಲಸವೂ ನೋಡುವಂಥದ್ದೇ. ಔಷಧದ ನೀರನ್ನು ಮೊದಲು ತಟ್ಟೆಯಲ್ಲೇ ಕಲ್ಲಿನಂತೆ ಹೆಪ್ಪುಗಟ್ಟಿಸುತ್ತಾರೆ. ಆಮೇಲೆ ಪಂಪು ಒಳಗಿನ ಗಾಳಿಯನ್ನೆಲ್ಲ ಹೀರಿ ಹೊರಗೆ ಹಾಕುತ್ತದೆ. ಗಾಳಿ ತೀರ ತೆಳುವಾದಾಗ ಮಂಜುಗಡ್ಡೆ ಕರಗಿ ನೀರಾಗುವ ಗೋಜಿಗೇ ಹೋಗದೆ ನೇರ ಆವಿಯಾಗಿ ಎದ್ದುಹೋಗುತ್ತದೆ. ಮಂಜುಗಡ್ಡೆ ಇದ್ದ ಜಾಗದಲ್ಲಿ ಬರೀ ತೂತು. ಕೊನೆಗೆ ತಟ್ಟೆಯಲ್ಲಿ ಉಳಿಯುವುದು ಹಪ್ಪಳದಷ್ಟು ತೆಳ್ಳಗಿನ, ಸ್ಪಂಜಿನಂಥ ಒಂದು ಹಾಳೆ.

ಗುಣಮಟ್ಟದ ಮೇಡಂ ಏಳೂ ಚೂರುಗಳನ್ನು ಚಿಮುಟದಲ್ಲಿ ಎತ್ತಿ ಒಂದು ಗಾಜಿನ ಡಬ್ಬಿಗೆ ಹಾಕಿದರು. ಅವರು ಕೆಟ್ಟವರಲ್ಲ, ಆದರೆ ಕಾಗದದ ಮೇಲೆ ಇಲ್ಲದ್ದನ್ನು ನಂಬುವವರೂ ಅಲ್ಲ. "ತಟ್ಟೆ ಇಡುವಾಗ ಕೈ ತಪ್ಪಿದೆ," ಎಂದರು.

"ಇಡುವಾಗ ಅದು ನೀರು ಮೇಡಂ. ನೀರು ಚೆಲ್ಲಿದ್ರೆ ಕಲೆ ಆಗ್ಬೇಕು, ಚೂರು ಹೇಗಾಗತ್ತೆ?"

"ಹಾಗಾದ್ರೆ ತೆಗೆಯುವಾಗ."

"ತೆಗೆಯೋಕೆ ಮುಂಚೇನೇ ಕಿಟಕಿಯಿಂದ ನೋಡಿದೀನಿ. ಆಗ್ಲೇ ಅಲ್ಲಿತ್ತು."

"ಚೂರಿಗೇನು ಕಾಲು ಬಂತಾ ತಡೆ ದಾಟೋಕೆ?"

ಮಧ್ಯಾಹ್ನದ ಹೊತ್ತಿಗೆ ಅವಳ ಕಡತಕ್ಕೆ ಒಂದು ಕಾಗದ ಸೇರಿತು: ನಿರ್ಲಕ್ಷ್ಯ. ಇಪ್ಪತ್ತೇಳು ವರ್ಷದಲ್ಲಿ ಮೊದಲನೆಯದು. ಗುರುವಾರ ಮತ್ತೆ ಐದು ಚೂರು, ಮತ್ತೊಂದು ಕಾಗದ. ಮೂರನೆಯದು ಬಂದರೆ ಪೆಟ್ಟಿಗೆ ಬಿಟ್ಟು ವಾಪಸ್ಸು ಬಾಟಲಿ ತೊಳೆಯುವ ಕೋಣೆಗೆ ಎಂದು ವ್ಯವಸ್ಥಾಪಕರು ಬಾಯಿಬಿಟ್ಟು ಹೇಳಲಿಲ್ಲ. ಕೆಮ್ಮಿದರು, ನಮಗೆಲ್ಲ ಅರ್ಥವಾಯಿತು.

ಬೇರೆ ಯಾರಾದರೂ ಆಗಿದ್ದರೆ ಅತ್ತಿರುತ್ತಿದ್ದರು, ಇಲ್ಲ ಜಗಳಕ್ಕೆ ನಿಲ್ಲುತ್ತಿದ್ದರು. ಅಕ್ಕ ಎರಡೂ ಮಾಡಲಿಲ್ಲ. ಊಟದ ಡಬ್ಬಿ ತೆರೆದವಳು ತುತ್ತು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ಕೇಳಿದಳು: "ಯಾವಾಗ್ಲೂ ನೀಲೀನೇ ಬಿಳಿಗೆ ಹೋಗತ್ತೆ. ಬಿಳಿ ಯಾಕೆ ನೀಲಿಗೆ ಬರಲ್ಲ? ಕೈ ತಪ್ಪಿದ್ರೆ ಎರಡು ಕಡೆಗೂ ತಪ್ಪಬೇಕಲ್ವೇನೇ?"

ಆ ಪ್ರಶ್ನೆ ಅವಳ ತಲೆಗೆ ಹುಳುವಿನಂತೆ ಹೊಕ್ಕಿತು. ಮರುದಿನದಿಂದ ಅವಳು ಕುರ್ಚಿಯನ್ನೇ ಆಚೆ ಸರಿಸಿಬಿಟ್ಟಳು. ಬೆಳಿಗ್ಗೆ ಎಂಟಕ್ಕೆ ಕಿಟಕಿಗೆ ಮೂಗು ಹಚ್ಚಿದರೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವಳ ಹಾಗೆ ನಿಂತೇ ಇರುವಳು. ನಾಲ್ಕನೆಯ ದಿನ ಮಧ್ಯಾಹ್ನ ಮೂರರ ಸುಮಾರಿಗೆ, ಹಾಳೆಗಳು ಬಹುಪಾಲು ಒಣಗಿ ಅಂಚು ಮೇಲಕ್ಕೆ ಸುರುಟಿಕೊಂಡಿದ್ದ ಹೊತ್ತಿನಲ್ಲಿ, ಇಡೀ ಕಾರ್ಖಾನೆಗೆ ಕೇಳುವ ಹಾಗೆ ಒಂದು ಕೂಗು ಎದ್ದಿತು.

"ಹಾರ್ತು! ಹಾರ್ತು ಕಣ್ರೇ! ಯಾರಾದ್ರೂ ಬನ್ರೇ!"

ನಾನು ಟೇಪಿನ ಸುರುಳಿ ಕೈಯಲ್ಲಿ ಹಿಡಿದೇ ಓಡಿದೆ. ಗಾಜಿಗೆ ಕಣ್ಣಿಟ್ಟು ನೋಡಿದರೆ ಏನೂ ಇಲ್ಲ. ಎರಡು ತಟ್ಟೆ, ಎರಡು ಹಾಳೆ, ಬಿಳಿಯದರ ಮೇಲೆ ಒಂದು ನೀಲಿ ಚುಕ್ಕೆ.

"ಕಾಲು ಗಂಟೆ ಇರು," ಎಂದಳು ಅಕ್ಕ. "ದೀಪ ಹತ್ತಿದಾಗ ನೋಡು."

ದೀಪ ಎಂದರೆ ಆರು ವಾರದ ಹಿಂದೆ ಗುಣಮಟ್ಟದ ಮೇಡಮ್ಮೇ ಹಾಕಿಸಿದ ಹೊಸ ಬಲ್ಬು. ಪೆಟ್ಟಿಗೆಯ ಎಡಗಡೆ, ತಟ್ಟೆಗಿಂತ ಸ್ವಲ್ಪ ಕೆಳಗೆ, ಗಾಜು ಮುಚ್ಚಿದ ಒಂದು ತೂತಿನಲ್ಲಿ ಅದನ್ನು ಕೂರಿಸಿದ್ದರು. ಕಾಲು ಗಂಟೆಗೊಮ್ಮೆ ತಾನೇ ಹತ್ತುವುದು, ಹತ್ತಿದ ಕೂಡಲೇ ಒಣಗುವುದನ್ನು ದಾಖಲಿಸುವ ಕ್ಯಾಮೆರಾ ಒಂದು ಚಿತ್ರ ತೆಗೆಯುವುದು, ಹತ್ತು ಸೆಕೆಂಡಿಗೆ ದೀಪ ಆರುವುದು. ನೀಲಿ ತಟ್ಟೆ ಎಡಕ್ಕೆ, ದೀಪದ ಪಕ್ಕ. ಬಿಳಿ ತಟ್ಟೆ ಬಲಕ್ಕೆ. ಅದರಾಚೆ ಆವಿಯನ್ನು ಹಿಡಿದು ಹೆಪ್ಪುಗಟ್ಟಿಸುವ ತಣ್ಣನೆಯ ಕೊಳವೆಗಳು.

ಕಾಲು ಗಂಟೆ ನಾವಿಬ್ಬರೂ ಕೆನ್ನೆಗೆ ಕೆನ್ನೆ ತಾಗಿಸಿ ನಿಂತೆವು. ಟಕ್ ಎಂದು ದೀಪ ಹತ್ತಿತು, ಕ್ಯಾಮೆರಾ ಕ್ಲಿಕ್ ಎಂದಿತು. ಒಂದು, ಎರಡು, ಮೂರು ಎಣಿಸಿದೆ. ಸುರುಟಿದ ನೀಲಿ ಅಂಚಿನಲ್ಲಿ ಅರ್ಧ ಕಿತ್ತುಕೊಂಡಿದ್ದ ಒಂದು ಚೂರು ನಡುಗಿತು. ಆಮೇಲೆ, ದೇವರಾಣೆ, ಅದು ಎದ್ದಿತು. ಗಾಳಿಯೇ ಇಲ್ಲದ ಕಡೆ ಗಾಳಿಗೆ ಸಿಕ್ಕಿದ ಎಲೆಯ ಹಾಗೆ ಎದ್ದು, ತಡೆಯ ಮೇಲೆ ಹಾಯ್ದು, ಬಿಳಿ ಹಾಳೆಯ ಮೇಲೆ ಮೆಲ್ಲಗೆ ಕೂತಿತು. ಅಕ್ಕ ನನ್ನ ತೋಳು ಹಿಡಿದು ಎಷ್ಟು ಜೋರಾಗಿ ಅಲುಗಾಡಿಸಿದಳೆಂದರೆ ಟೇಪಿನ ಸುರುಳಿ ಉರುಳಿಕೊಂಡು ಬಾಗಿಲಾಚೆ ಹೋಯಿತು.

ಕ್ಯಾಮೆರಾದ ಒಂದು ಚಿತ್ರದಲ್ಲೂ ಅದು ಸಿಕ್ಕಿರಲಿಲ್ಲ. ಚಿತ್ರ ತೆಗೆದು ಮುಗಿದ ಮೇಲೆ ಚೂರು ಹಾರುತ್ತಿತ್ತಲ್ಲ!

ಮೇಡಂ ಬಂದು ಒಂದು ಹಾರಾಟವನ್ನು ಕಣ್ಣಾರೆ ನೋಡಿದರು. ಮುಖ ಬಿಳಿಚಿತು, ಆದರೂ ಮಣಿಯಲಿಲ್ಲ. "ಸ್ಟ್ಯಾಟಿಕ್ ಇರಬೇಕು. ಸ್ವೆಟರ್ ತೆಗೆಯುವಾಗ ಚಟಪಟ ಅನ್ನುತ್ತಲ್ಲ, ಅದು. ತಟ್ಟೆ ಸರಿಯಾಗಿ ಒರೆಸಿಲ್ಲ ನೀವು." ವ್ಯವಸ್ಥಾಪಕರು, "ಪಂಪಿನ ಅದುರು," ಎಂದರು. ಹೇಗೆ ನೋಡಿದರೂ ತಪ್ಪು ತಟ್ಟೆ ಒರೆಸುವವಳದ್ದೋ ತಿರುಪು ಬಿಗಿಮಾಡುವವಳದ್ದೋ ಆಗುವ ಹಾಗಿತ್ತು. ಕಡತದ ಕಾಗದ ಕಡತದಲ್ಲೇ ಉಳಿಯಿತು.

"ನೋಡ್ತಿರಿ," ಎಂದಳು ಅಕ್ಕ. ಅವಳ ಕಣ್ಣು ಹೊಳೆಯುತ್ತಿತ್ತು. ನಿಜ ಹೇಳಬೇಕೆಂದರೆ, ಅಷ್ಟು ಹೊತ್ತಿಗೆ ಅವಳು ಆ ಕಾಗದವನ್ನೇ ಮರೆತಿದ್ದಳೆಂದು ನನಗೆ ಅನ್ನಿಸುತ್ತದೆ.

ಅವಳು ನೇರ ಹೋದದ್ದು ಪಂಪ್ ಮಾವನ ಕೋಣೆಗೆ. ಪಂಪ್ ಮಾವ ನಮ್ಮ ಮೆಕ್ಯಾನಿಕ್, ನಿವೃತ್ತಿಗೆ ಎರಡು ವರ್ಷ ಇದ್ದ ಮನುಷ್ಯ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ಆರು ಪಂಪಿನ ಜೊತೆ. ಅವನ ಮೇಜಿನ ಮೇಲೆ ಪಂಪು ಪರೀಕ್ಷೆ ಮಾಡಲು ಒಂದು ಗಾಜಿನ ಗುಮ್ಮಟ ಇತ್ತು, ಮಡಕೆಯನ್ನು ಬೋರಲು ಹಾಕಿದಷ್ಟು ದೊಡ್ಡದು. ಊಟದ ಬಿಡುವಿನಲ್ಲಿ ಅದನ್ನು ಕೊಡುತ್ತೀಯಾ ಎಂದು ಅಕ್ಕ ಕೇಳಿದಳು. ಅವನು ಗುಮ್ಮಟ ಒರೆಸಿ ಮುಂದೆ ತಳ್ಳಿದ.

ಚೂರನ್ನು ಗುಮ್ಮಟದೊಳಗೆ ನೇತುಹಾಕಬೇಕು, ಆಗ ನೆಲದ ಅದುರು ತಾಗುವುದಿಲ್ಲ ಎನ್ನುವುದು ಅಕ್ಕನ ಯೋಚನೆ. ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅವನು ಡಬ್ಬಿಯಲ್ಲಿದ್ದ ಅತಿ ಸಣ್ಣ ನೂಲು ಹುಡುಕಿ ಕೊಟ್ಟ. ಹೊಸೆದ ನೂಲಲ್ಲವೇ, ನೇತುಹಾಕಿದ ಚೂರು ಬುಗುರಿಯಂತೆ ತಾನೇ ಸುತ್ತತೊಡಗಿತು. ರೇಷ್ಮೆ ಎಳೆಯೂ ಅಷ್ಟೇ. ಹೊಸೆಯದ ಎಳೆ ಎಂದರೆ ಕೂದಲು, ಆದರೆ ಅಕ್ಕನ ಕೂದಲು ದಪ್ಪ. ಆ ಸಂಜೆ ಅವಳು ಅತ್ತೆಯ ತಲೆ ಬಾಚಲು ಕೂತಳು. ಅತ್ತೆಗೆ ಎಪ್ಪತ್ತೆಂಟು, ಕೂದಲು ಮೊಣಕಾಲವರೆಗೆ, ಒಂದೊಂದೂ ಬೆಳ್ಳಿಯ ಎಳೆ.

"ಇಷ್ಟು ದಿನ ಇಲ್ಲದ ಪ್ರೀತಿ ಇವತ್ತೇನೇ?" ಎಂದು ಅತ್ತೆ ಅನುಮಾನಿಸಿದರು.

"ಒಂದೇ ಒಂದು ಕೂದಲು ಬೇಕಿತ್ತು ಅತ್ತೆ."

"ಯಾತಕ್ಕೆ? ಮಾಟ ಮಾಡಿಸ್ತೀಯಾ?"

"ನೀಲಿ ಚೂರು ನೇತುಹಾಕೋಕೆ."

ಅತ್ತೆ ಮಗನ ಕಡೆ ತಿರುಗಿದರು. ಅವನು ಹೊಲಿಗೆ ಯಂತ್ರದ ಮೇಲಿಂದ ತಲೆಯೆತ್ತದೆ, "ಕೊಟ್ಬಿಡಮ್ಮ. ಇಲ್ಲದಿದ್ರೆ ನನ್ನ ಮೀಸೆಗೆ ಬರ್ತಾಳೆ," ಎಂದ. ಅತ್ತೆ ನಗುತ್ತಾ ಬಾಚಣಿಗೆಯಲ್ಲಿ ಸಿಕ್ಕಿದ್ದನ್ನೆಲ್ಲ ಸುತ್ತಿ ಕೊಟ್ಟರು. "ನನ್ನ ತಲೆ ಇನ್ನೂ ಉಪಯೋಗಕ್ಕೆ ಬರತ್ತೆ ಅಂತಾಯ್ತು."

ಮರುದಿನ ಊಟದ ಬಿಡುವಿನಲ್ಲಿ ಚೂರು ಗುಮ್ಮಟದೊಳಗೆ ಬೆಳ್ಳಿ ಕೂದಲಿನ ತುದಿಯಲ್ಲಿ ನೇತಾಡಿತು, ಅಲುಗಾಡದೆ. ಪಂಪ್ ಮಾವ ಗಾಳಿ ತೆಗೆದ, ಕವಾಟ ಮುಚ್ಚಿದ, ಪಂಪನ್ನೇ ನಿಲ್ಲಿಸಿದ. ಈಗ ಅದುರಲು ಏನೂ ಇಲ್ಲ. ಅಕ್ಕ ಎಡಗಡೆಯಿಂದ ಬಲ್ಬು ಹಿಡಿದಳು. ಚೂರು ಬಲಕ್ಕೆ ವಾಲಿತು. ಬಲಗಡೆಯಿಂದ ಹಿಡಿದಳು, ಎಡಕ್ಕೆ ವಾಲಿತು. ಬಲ್ಬು ಆರಿಸಿದರೆ ನೆಟ್ಟಗೆ. ಯಾರೋ ಬೈದ ಹಾಗೆ ಬೆಳಕಿನಿಂದ ದೂರ ದೂರ ಸರಿಯುತ್ತಿತ್ತು. ಪಂಪ್ ಮಾವನ ಬಾಯಿಂದ ಆ ದಿನದ ಮೊದಲ ಮಾತು ಬಂತು: "ಅಬ್ಬಾ."

ಮುಂದಿನ ಎರಡು ವಾರ ನಮ್ಮ ಊಟ ಎಲ್ಲ ಅಲ್ಲೇ. ಅಕ್ಕನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ತಟ್ಟೆಯನ್ನು, ಚೂರನ್ನು ಒದ್ದೆ ಬಟ್ಟೆಯ ಮೇಲಿಟ್ಟು ಸ್ಟ್ಯಾಟಿಕ್ ಕಳೆದು ನೋಡಿದಳು, ಆದರೂ ವಾಲಿತು. ಗುಮ್ಮಟಕ್ಕೆ ಮಾಮೂಲಿ ಗಾಳಿ ತುಂಬಿ ನೋಡಿದಳು. ಜಪ್ಪಯ್ಯ ಎಂದರೂ ಕದಲಲಿಲ್ಲ. ಅದೇ ಅಳತೆಯ ಬಿಳಿ ಚೂರು ಹಾಕಿದಳು. ಬೆಳಕಿಗೆ ಅಷ್ಟಾಗಿ ಬಿಸಿಯಾಗದೆ ಸೋಮಾರಿಯ ಹಾಗೆ ಸ್ವಲ್ಪವೇ ಸರಿಯಿತು. ಇನ್ನೊಂದು ದಿನ ನೀಲಿ ಚೂರನ್ನೇ ಎರಡು ಬೆರಳಿನ ನಡುವೆ ಒತ್ತಿ ತೂತೆಲ್ಲ ಮುಚ್ಚಿಹೋಗುವಂತೆ ಚಪ್ಪಟೆ ಮಾಡಿ ನೇತುಹಾಕಿದಳು. ತೂಕ ಅದೇ, ಬಣ್ಣ ಅದೇ. ವಾಲಿದ್ದು ಮೊದಲಿನ ಕಾಲು ಭಾಗವೂ ಇಲ್ಲ!

"ತೂತು!" ಎಂದು ಕಿರುಚಿದಳು ಅಕ್ಕ. "ಮಾವ, ಇದರ ಜೀವ ತೂತಲ್ಲಿದೆ!"

ಆಗ ಪಂಪ್ ಮಾವ ಸ್ಟೂಲು ಎಳೆದುಕೊಂಡು ಕೂತು, ನಾವು ಯಾರೂ ಕೇಳಿರದಷ್ಟು ಮಾತಾಡಿದ. "ಈ ಕೋಣೇಲಿ ಗಾಳಿ ಅಂದ್ರೆ ಬಸ್ ನಿಲ್ದಾಣದ ನೂಕುನುಗ್ಗಲು. ಒಂದು ಕಣ ಹೆಜ್ಜೆ ಎತ್ತಿಟ್ರೆ ಪಕ್ಕದ್ದಕ್ಕೆ ಡಿಕ್ಕಿ. ನಾನು ಪಂಪ್ ಹಾಕಿ ತೆಗೀತಾ ಹೋದ್ರೆ ನಿಲ್ದಾಣ ಖಾಲಿ. ಉಳಿದ ನಾಲ್ಕು ಜನ ಯಾರಿಗೂ ತಾಗದೆ ಗೋಡೆಯಿಂದ ಗೋಡೆಗೆ ನೇರ ಓಡ್ತಾರೆ. ಅಂಥಾ ತೆಳು ಗಾಳೀಲಿ ಒಂದು ವಿಚಿತ್ರ ಇದೆ. ಸಣ್ಣ ತೂತಿನ ಒಂದು ಬಾಯಿ ಬಿಸಿ, ಇನ್ನೊಂದು ಬಾಯಿ ತಂಪು ಇದ್ರೆ, ಗಾಳಿ ತಾನಾಗೇ ತಂಪು ಕಡೆಯಿಂದ ಬಿಸಿ ಕಡೆಗೆ ತೆವಳ್ತದೆ."

"ಯಾರೂ ತಳ್ಳದೇನಾ?"

"ಯಾರೂ ತಳ್ಳದೆ. ಯಾಕೆ ಅನ್ನೋ ಗಣಿತ ಪೂರ್ತಿ ನಂಗೂ ಬರಲ್ಲ. ಆಗೋದಂತೂ ನಿಜ. ಈ ಚೂರಲ್ಲಿ ಸಾವಿರಾರು ತೂತು. ದೀಪದ ಕಡೆ ಮುಖ ಬಿಸಿ, ಬೆನ್ನು ತಂಪು. ಕಣಗಳು ಬೆನ್ನಿನಿಂದ ಹೊಕ್ಕು ಮುಖದಿಂದ ಹೊರಗೆ ಧುಮುಕ್ತವೆ. ಬಿಸಿ ತಾಗಿದ್ದಕ್ಕೆ ಇನ್ನೂ ಜೋರಾಗಿ ಒದ್ದು ಹೋಗ್ತವೆ. ದೋಣಿಯಿಂದ ದಡಕ್ಕೆ ಹಾರಿದ್ರೆ ದೋಣಿ ಏನಾಗತ್ತೆ?"

"ಹಿಂದಕ್ಕೆ ಹೋಗತ್ತೆ."

"ಚೂರೂ ಹಿಂದಕ್ಕೆ ಹೋಗತ್ತೆ. ತಂಪಿನ ಕಡೆ."

ಅಕ್ಕ ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡಳು. "ಅದಕ್ಕೇ ನೀಲಿ ಬಿಳಿಗೆ ಹೋಗೋದು, ಬಿಳಿ ನೀಲಿಗೆ ಬರದೇ ಇರೋದು! ಬೆಳಕು ಕೆಳಗಿನಿಂದ ಬೀಳತ್ತೆ, ಅಡಿ ಬಿಸಿಯಾಗತ್ತೆ, ಅದಕ್ಕೇ ಮೇಲಕ್ಕೇಳೋದು!"

ಬುಧವಾರ ಮೂರು ಗಂಟೆಗೆ ಮೇಡಂ, ವ್ಯವಸ್ಥಾಪಕರು ಇಬ್ಬರೂ ಪಂಪ್ ಮಾವನ ಕೋಣೆಗೆ ಬಂದರು. ಹಿಂದೆ ನಮ್ಮ ವಿಭಾಗದವರು ಬಾಗಿಲಲ್ಲಿ ಒಬ್ಬರ ಹೆಗಲ ಮೇಲೊಬ್ಬರು. ಕೂದಲು ಸಾಕು ಎಂದು ಅಕ್ಕ ಆ ದಿನ ನಿರ್ಧರಿಸಿದ್ದಳು. ನೇತಾಡುವುದನ್ನು ಕಂಡು ಇವರು ನಂಬುವುದಿಲ್ಲ, ಹಾರಿಸಿಯೇ ತೋರಿಸಬೇಕು. ನೀಲಿ ಹಾಳೆಯಿಂದ ಕಾಗದಕ್ಕಿಂತ ತೆಳ್ಳಗೆ ಒಂದು ಬಿಲ್ಲೆ ಕುಯ್ದು, ಬೇಗ ಬಿಸಿಯಾಗಲೆಂದು ಅಡಿಯ ಮುಖಕ್ಕೆ ಮೇಣದ ಬತ್ತಿಯ ಮಸಿ ಹಿಡಿಸಿ, ಸಣ್ಣ ತಂತಿ ಬಲೆಯ ಮೇಲೆ ಇಟ್ಟಿದ್ದಳು. ಬಲೆಯ ಕೆಳಗೆ ಗಾಜು, ಗಾಜಿನ ಕೆಳಗೆ ದೀಪ.

ಪಂಪ್ ಮಾವ ಆ ದಿನಕ್ಕೆಂದು ಎಣ್ಣೆ ಬದಲಿಸಿ, ಪಂಪನ್ನು ಮದುಮಗನ ಹಾಗೆ ಸಿದ್ಧಮಾಡಿದ್ದ. ಗಾಳಿ ತೆಗೆದ. ಇನ್ನೂ ತೆಗೆದ. ಅಕ್ಕ ದೀಪ ಹಾಕಿದಳು.

ಬಿಲ್ಲೆ ಮಿಸುಕಲಿಲ್ಲ.

ಐದು ಸೆಕೆಂಡು. ಹತ್ತು. ಮೇಡಂ ಗಡಿಯಾರ ನೋಡಿದರು. ವ್ಯವಸ್ಥಾಪಕರು ಆ ಕೆಮ್ಮು ಕೆಮ್ಮಿದರು. ಪಂಪ್ ಮಾವನ ಮುಖ ನೋಡಲಾಗುತ್ತಿರಲಿಲ್ಲ. ಅಕ್ಕ ಮಾತ್ರ ದೀಪ ಆರಿಸಿ, ಬಾಗಿ, ಗುಮ್ಮಟದ ಗಾಳಿ ಅಳೆಯುವ ಮೀಟರಿಗೆ ಮೂಗು ಹಚ್ಚಿದಳು.

"ಮಾವ, ಇವತ್ತು ಜಾಸ್ತಿ ಚೆನ್ನಾಗಿ ಮಾಡ್ಬಿಟ್ಟಿದೀಯ."

"ಅಂದ್ರೆ?"

"ನಿಲ್ದಾಣದಲ್ಲಿ ಒಬ್ರೂ ಇಲ್ಲ. ಒದೆಯೋರು ಯಾರು? ಸ್ವಲ್ಪ ಜನ ಬಿಡು ಒಳಗೆ."

ಪಂಪ್ ಮಾವ ಹಣೆ ಚಚ್ಚಿಕೊಂಡು ಸೂಜಿ ಕವಾಟಕ್ಕೆ ಕೈಹಾಕಿದ. ಕೂದಲೆಳೆಯಷ್ಟು ತಿರುವಿದ. ಸ್ ಎಂದು ಒಂದು ಉಸಿರು ಗಾಳಿ ಒಳಗೆ ಹೋಯಿತು. "ಇನ್ನೊಂಚೂರು," ಎಂದಳು ಅಕ್ಕ, "ಸಾಕು, ಸಾಕು!" ದೀಪ ಹಾಕಿದಳು.

ಬಿಲ್ಲೆ ಒಂದು ಬದಿ ಎತ್ತಿತು, ಯಾರೋ ಹಾಸಿಗೆಯಿಂದ ಏಳುವ ಹಾಗೆ. ಆಮೇಲೆ ಇನ್ನೊಂದು ಬದಿ. ಆಮೇಲೆ ಪೂರಾ ಎದ್ದು, ಬಲೆಯ ಮೇಲೆ ಎರಡು ಬೆರಳೆತ್ತರದಲ್ಲಿ, ಯಾವ ದಾರವೂ ಇಲ್ಲದೆ, ಯಾವ ರೆಕ್ಕೆಯೂ ಇಲ್ಲದೆ ನಿಂತಿತು. ನಡುಗುತ್ತಾ, ತಿರುಗುತ್ತಾ, ಆದರೆ ನಿಂತಿತ್ತು!

ಬಾಗಿಲಲ್ಲಿದ್ದವರು ಓ ಎಂದು ಕೂಗಿದ ಸದ್ದಿಗೆ ಅಂಗಳದಲ್ಲಿದ್ದ ಲಾರಿಯವನು ಏನೋ ಅನಾಹುತವಾಯಿತೆಂದು ಒಳಗೆ ಓಡಿಬಂದ. ವ್ಯವಸ್ಥಾಪಕರು ಕೆಮ್ಮುವುದು ಮರೆತು, "ಅಯ್ಯೋ! ಅಯ್ಯೋ ಅಯ್ಯೋ!" ಎಂದು ಚಿಕ್ಕ ಮಗುವಿನಂತೆ ಚಪ್ಪಾಳೆ ಹೊಡೆದರು. ಪಂಪ್ ಮಾವ ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ಒರೆಸಿದ. ಮೇಡಂ ಗುಮ್ಮಟದ ಹತ್ತಿರ ಹೋಗಿ ಮಂಡಿಯೂರಿ ಕೂತರು. ಬಿಳಿ ಕೋಟಿನ ತುದಿ ನೆಲದ ಎಣ್ಣೆಗೆ ತಾಗಿದ್ದೂ ಅವರಿಗೆ ಗೊತ್ತಾಗಲಿಲ್ಲ.

"ಆರಿಸಿ," ಎಂದರು. ಅಕ್ಕ ಆರಿಸಿದಳು, ಬಿಲ್ಲೆ ಇಳಿಯಿತು. "ಹಾಕಿ." ಎದ್ದಿತು. ಆರು ಸಲ ಹಾಗೆ ಮಾಡಿಸಿದರು. ಏಳನೆಯ ಸಲ, "ನಾನು ಹಾಕಲಾ?" ಎಂದು ಕೇಳಿದರು. ಸ್ವಿಚ್ಚು ಅವರ ಕೈಗೆ ಬಂದ ಮೇಲೆ ಅರ್ಧ ಗಂಟೆ ಯಾರಿಗೂ ಸಿಗಲಿಲ್ಲ.

ಎದ್ದು ನಿಂತಾಗ ಅವರ ದನಿ ಬೇರೆಯಾಗಿತ್ತು. "ಆ ದೀಪ ಹಾಕಿಸಿದ್ದು ನಾನು. ಕಾಗದ ಬರೆದದ್ದೂ ನಾನು. ತಪ್ಪು ನನ್ನದು. ಎರಡು ಕಾಗದವನ್ನೂ ಈಗಲೇ ತೆಗೆಸ್ತೀನಿ." ಎಲ್ಲರೆದುರಿಗೇ ಹೇಳಿದರು. ಹೇಳಿದ ಹಾಗೇ ಸಂಜೆಯೊಳಗೆ ಮಾಡಿದರು. ಪೆಟ್ಟಿಗೆಯ ದೀಪವನ್ನು ಕಿತ್ತು, ಬಿಸಿಯಾಗದ ಇನ್ನೊಂದನ್ನು ಮೇಲ್ಗಡೆ ಹಾಕಿಸಿದರು. ಅಲ್ಲಿಂದ ಇಲ್ಲಿಯವರೆಗೆ ಬಿಳಿ ತಟ್ಟೆಗೆ ಒಂದೇ ಒಂದು ನೀಲಿ ಚೂರು ಬಿದ್ದಿಲ್ಲ.

ಆದರೆ ಅಕ್ಕನಿಗೆ ಅದೀಗ ಸಣ್ಣ ವಿಷಯ. ಆ ರಾತ್ರಿ ಅವಳು ಮನೆಯಲ್ಲಿ ಊಟಕ್ಕೆ ಕೂರದೆ ನಿಂತೇ ಕತೆ ಹೇಳಿದಳಂತೆ, ಕೈ ಆಡಿಸಿ ಆಡಿಸಿ ನೀರಿನ ಲೋಟ ಬೀಳಿಸಿದಳಂತೆ. ಗಂಡ ಕೇಳಿದ್ದು ಒಂದೇ ಮಾತು: "ಅದು ಮೇಲೆ ನಿಂತಾಗ ನಿಂಗೆ ಹೇಗನ್ನಿಸ್ತು?" ಅವಳು ಬಿದ್ದ ಲೋಟ ಎತ್ತಿಡುತ್ತಾ, "ಇಷ್ಟು ವರ್ಷ ನಾನು ಕಿಟಕಿಯೊಳಗೆ ಏನನ್ನೋ ಹುಡುಕ್ತಿದ್ದೆ ರೀ. ಏನು ಅಂತ ನಂಗೇ ಗೊತ್ತಿರಲಿಲ್ಲ," ಎಂದಳಂತೆ.

ಮೇಡಂ ಅವಳಿಗೆ ಪಂಪ್ ಮಾವನ ಕೋಣೆಯಲ್ಲಿ ಒಂದು ಮೇಜು ಹಾಕಿಸಿಕೊಟ್ಟಿದ್ದಾರೆ. ಶುಕ್ರವಾರ ಮಧ್ಯಾಹ್ನ ಪೆಟ್ಟಿಗೆಯನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ಭೂಮಿಯಿಂದ ತುಂಬ ಮೇಲೆ, ವಿಮಾನವೂ ಹೋಗದ ಎತ್ತರದಲ್ಲಿ, ಗಾಳಿ ಅದೇ ಗುಮ್ಮಟದೊಳಗಿನಷ್ಟೇ ತೆಳು ಇರುತ್ತದೆಂದು ಮೇಡಂ ಎಲ್ಲೋ ಓದಿ ಬಂದು ಹೇಳಿದ ಮೇಲೆ ಅವಳನ್ನು ಹಿಡಿಯುವವರೇ ಇಲ್ಲ. ಬಿಸಿಲೇ ದೀಪವಾದರೆ ಅಲ್ಲಿ ಬಿಲ್ಲೆ ತಾನಾಗಿಯೇ ತೇಲಬಾರದೇಕೆ ಎಂದು ಸಿಕ್ಕಸಿಕ್ಕವರನ್ನು ನಿಲ್ಲಿಸಿ ಕೇಳುತ್ತಾಳೆ. ಕಳೆದ ಶುಕ್ರವಾರ ಅಂಗೈಯಗಲದ ಬಿಲ್ಲೆಯನ್ನು ಎತ್ತಲು ನೋಡಿದಳು. ಅದು ಒಂದು ಬದಿ ಎದ್ದು, ಮಗುಚಿ, ನಡುವೆ ಎರಡು ಹೋಳಾಯಿತು.

"ಭಾರ ಜಾಸ್ತಿ ಆಯ್ತು," ಎಂದು ಪಂಪ್ ಮಾವ ನಿಟ್ಟುಸಿರಿಟ್ಟ.

"ಭಾರ ಅಲ್ಲ ಮಾವ, ತೂತು ಕಡಿಮೆ ಆಯ್ತು," ಎನ್ನುತ್ತಾ ಅಕ್ಕ ಆಗಲೇ ಮುಂದಿನ ಹಾಳೆಗೆ ಕತ್ತಿ ಹಿಡಿದಿದ್ದಳು.